ಮಗುವಿಗೆ ತಕ್ಕಂತೆ ಬದಲಾಗುವ ಕಲಿಕೆಯ ಆಟ: ಯಾವ ವಿಧಾನವನ್ನು ಆರಿಸಿಕೊಳ್ಳಬೇಕು?

62ರಲ್ಲಿ 38ನ್ನು ಕಳೆಯುವ ಲೆಕ್ಕಕ್ಕೆ ಮೂರನೆಯ ತರಗತಿಯ ಮಗುವೊಂದು 36 ಎಂದು ಉತ್ತರಿಸಿದಾಗ ಕಂಪ್ಯೂಟರ್ ಆಟವು ಮುಂದೇನು ಮಾಡಬೇಕು? ಇನ್ನೂ ಸುಲಭವಾದ ಲೆಕ್ಕವೊಂದನ್ನು ಕೊಡಬಹುದು. ಮಗುವಿನ ಅಂಕವನ್ನು ಸ್ವಲ್ಪ ಇಳಿಸಿ, ಲೆಕ್ಕದ ಅಂಕವನ್ನು ಸ್ವಲ್ಪ ಏರಿಸಬಹುದು. ಈ ಮಗುವಿಗೆ ದಶಕಸಹಿತ ವ್ಯವಕಲನ ಬರುವ ಸಂಭವ ಎಷ್ಟು ಎಂಬ ಅಂದಾಜನ್ನು ತಿದ್ದಿಕೊಳ್ಳಬಹುದು. ಅಥವಾ ಮಗು ಬಿಡಿಸ್ಥಾನದಲ್ಲಿ 8ರಿಂದ 2ನ್ನು ಕಳೆದು 6 ಎಂದು ಬರೆದಿದೆಯೆಂಬುದನ್ನು ಗುರುತಿಸಿ, ಹತ್ತರ ಕಟ್ಟನ್ನು ಬಿಚ್ಚಿ ಬಿಡಿಯಾಗಿಸುವ ಬೇರೊಂದು ಆಟಕ್ಕೆ ಅದನ್ನು ಕರೆದೊಯ್ಯಬಹುದು. ಈ ನಾಲ್ಕನ್ನೂ ‘ಹೊಂದಿಕೊಳ್ಳುವ ಆಟ’ ಎಂಬ ಒಂದೇ ಹೆಸರಿನಿಂದ ಕರೆಯಲಾಗುತ್ತಿದ್ದರೂ ಇವು ಬೇಡುವ ಶ್ರಮ, ದತ್ತಾಂಶ ಮತ್ತು ಮಗುವಿಗೆ ದೊರಕಿಸಿಕೊಡುವ ಫಲ ತೀರ ಬೇರೆ ಬೇರೆಯಾಗಿವೆ.

ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ಕನ್ನಡದಲ್ಲಿ ಗಣಿತದ ಅಥವಾ ಓದಿನ ಆಟವನ್ನು ರೂಪಿಸಲು ಹೊರಟಿರುವ ಸಣ್ಣ ತಂಡಗಳನ್ನು, ಅಂದರೆ ಒಬ್ಬಿಬ್ಬರು ಪ್ರೋಗ್ರಾಮರುಗಳು, ಒಬ್ಬ ಚಿತ್ರಕಾರರು ಮತ್ತು ಅನುಭವವುಳ್ಳ ಒಬ್ಬ ಶಿಕ್ಷಕರಿರುವ ತಂಡಗಳನ್ನು, ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಬರೆದಿದ್ದೇನೆ. ಇಂಥ ತಂಡಗಳಲ್ಲಿ ಮೊದಲ ಚರ್ಚೆ ಸಾಮಾನ್ಯವಾಗಿ ಯಾವ ಅಲ್ಗಾರಿದಮ್, ಅಂದರೆ ಲೆಕ್ಕಾಚಾರದ ಕ್ರಮ, ಬಳಸಬೇಕು ಎಂಬುದರಿಂದ ಶುರುವಾಗುತ್ತದೆ. ಆ ಚರ್ಚೆ ಕೊನೆಗೆ ಬರಬೇಕು ಎಂಬುದು ನನ್ನ ನಿಲುವು. ಮಗುವಿನ ತಪ್ಪಿನ ಹಿಂದಿರುವ ಕಾರಣವನ್ನು ಆಟವು ಗುರುತಿಸಬಲ್ಲದೇ ಎಂಬುದು ಮೊದಲ ಪ್ರಶ್ನೆ. ಅದಕ್ಕೆ ಉತ್ತರವಿಲ್ಲದಿದ್ದರೆ ಅತ್ಯಂತ ಸೂಕ್ಷ್ಮವಾದ ಗಣಿತವೂ ಮಗುವನ್ನು ಇದ್ದಲ್ಲಿಯೇ ಸುತ್ತಿಸುತ್ತಿರುತ್ತದೆ.

ಏನು ಬದಲಾಗಬೇಕು?

ಹೊಂದಾಣಿಕೆ ಎಂದೊಡನೆ ಕಠಿಣತೆಯ ಮಟ್ಟವೊಂದೇ ನೆನಪಿಗೆ ಬರುತ್ತದೆಯಾದರೂ ಬದಲಾಯಿಸಬಹುದಾದ ಸಂಗತಿಗಳು ಹಲವಿವೆ: ಪಾಠಗಳ ಕ್ರಮ, ಸಮಯದ ಮಿತಿ, ಸುಳಿವಿನ ಪ್ರಮಾಣ, ಲೆಕ್ಕವನ್ನು ಚಿತ್ರದಲ್ಲಿ ತೋರಿಸಬೇಕೇ ಅಂಕಿಗಳಲ್ಲಿ ತೋರಿಸಬೇಕೇ ಎಂಬುದು, ಒಂದೇ ಕೌಶಲವನ್ನು ಎಷ್ಟು ದಿನದ ಬಳಿಕ ಮತ್ತೆ ಕೇಳಬೇಕು ಎಂಬುದು. ಆನಾ ವಿಲ್ಸನ್, ಸ್ಟಾನಿಸ್ಲಾಸ್ ದೆಹೇನ್ ಮತ್ತು ಸಂಗಡಿಗರು 2006ರಲ್ಲಿ ವಿವರಿಸಿದ ‘ನಂಬರ್ ರೇಸ್’ ಎಂಬ ಆಟ ಇದಕ್ಕೆ ಒಳ್ಳೆಯ ಮಾದರಿ. ಗಣಿತದ ಕಲಿಕೆಯಲ್ಲಿ ವಿಶೇಷ ತೊಡಕುಳ್ಳ ಮಕ್ಕಳಿಗಾಗಿ ರೂಪಿಸಿದ ಆ ಆಟದಲ್ಲಿ ಕಠಿಣತೆಯು ಒಂದೇ ಗೆರೆಯ ಮೇಲಿಲ್ಲ. ಹೋಲಿಸಬೇಕಾದ ಎರಡು ಸಂಖ್ಯೆಗಳ ನಡುವಿನ ಅಂತರ, ಉತ್ತರಿಸಲು ಕೊಡುವ ಸಮಯ, ಸಂಖ್ಯೆಯನ್ನು ಚುಕ್ಕಿಗಳಿಂದ ತೋರಿಸುವುದೇ ಅಂಕಿಯಿಂದಲೇ ಅಥವಾ ಕೂಡುವ ಕಳೆಯುವ ಲೆಕ್ಕವಾಗಿಯೇ ಎಂಬ ಮೂರು ದಿಕ್ಕುಗಳಲ್ಲಿ ಅದು ಬದಲಾಗುತ್ತದೆ. ನಾಲ್ಕರಲ್ಲಿ ಮೂರು ಉತ್ತರಗಳು ಸರಿಬರುವ ಮಟ್ಟದಲ್ಲಿ ಮಗುವನ್ನು ಇರಿಸುವುದು ಅದರ ಗುರಿ. ಅಂಕಿಗಳನ್ನು ಚೆನ್ನಾಗಿ ಬಲ್ಲ, ಆದರೆ ನಿಧಾನವಾಗಿ ಉತ್ತರಿಸುವ ಮಗುವಿಗೂ ಬೇಗ ಉತ್ತರಿಸಿ ಅಂಕಿಗಳಲ್ಲಿ ಎಡವುವ ಮಗುವಿಗೂ ಆ ಆಟ ಬೇರೆ ಬೇರೆ ದಾರಿಗಳನ್ನು ತೋರಿಸಬಲ್ಲದು. ‘ಸುಲಭ, ಮಧ್ಯಮ, ಕಠಿಣ’ ಎಂಬ ಮೂರು ಗುಂಡಿಗಳುಳ್ಳ ಆಟಕ್ಕೆ ಈ ಇಬ್ಬರೂ ಒಂದೇ ಆಗಿ ಕಾಣುತ್ತಾರೆ.

ಯುರೋಪಿನ ‘ಎಲೆಕ್ಟ್ರಾ’ ಮತ್ತು ‘80ಡೇಸ್’ ಎಂಬ ಕಲಿಕೆಯ ಆಟದ ಯೋಜನೆಗಳಲ್ಲಿ ಕೆಲಸ ಮಾಡಿದ ಆಸ್ಟ್ರಿಯಾದ ಗ್ರಾಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಹೊಂದಾಣಿಕೆಯಲ್ಲಿ ಸ್ಥೂಲ ಮತ್ತು ಸೂಕ್ಷ್ಮ ಎಂಬ ಎರಡು ಬಗೆಗಳನ್ನು ಗುರುತಿಸಿದರು. ಮುಂದಿನ ಪಾಠ ಯಾವುದೆಂದು ನಿರ್ಧರಿಸುವುದು ಸ್ಥೂಲ ಹೊಂದಾಣಿಕೆ. ಒಂದೇ ಸನ್ನಿವೇಶದೊಳಗೆ, ಕಥೆಯ ಓಟಕ್ಕೆ ಭಂಗ ಬಾರದಂತೆ, ತಕ್ಕ ಹೊತ್ತಿನಲ್ಲಿ ಸುಳಿವನ್ನೋ ಧೈರ್ಯದ ಮಾತನ್ನೋ ಒದಗಿಸುವುದು ಸೂಕ್ಷ್ಮ ಹೊಂದಾಣಿಕೆ. ಸಣ್ಣ ತಂಡಗಳು ಸ್ಥೂಲವನ್ನು ಮೊದಲು ಸರಿಪಡಿಸಿಕೊಳ್ಳುವುದು ಒಳ್ಳೆಯದು. ಐದನೆಯ ತರಗತಿಯಲ್ಲಿ ಕುಳಿತು ಎರಡನೆಯ ತರಗತಿಯ ಗಣಿತದಲ್ಲಿ ತಡವರಿಸುತ್ತಿರುವ ಮಗುವಿಗೆ ಐದನೆಯ ತರಗತಿಯ ಲೆಕ್ಕದೊಳಗೆ ಎಷ್ಟು ಸುಳಿವು ಕೊಟ್ಟರೂ ಪ್ರಯೋಜನವಿಲ್ಲ.

ಮೆಟ್ಟಿಲು ನಿಯಮ

ಎಲ್ಲಕ್ಕಿಂತ ಸರಳವಾದದ್ದು ಇದು. ಸತತವಾಗಿ ಎರಡು ಉತ್ತರಗಳು ಸರಿಯಾದರೆ ಒಂದು ಮೆಟ್ಟಿಲು ಮೇಲಕ್ಕೆ, ಒಂದು ತಪ್ಪಿದರೆ ಒಂದು ಮೆಟ್ಟಿಲು ಕೆಳಕ್ಕೆ. ಶ್ರವಣಶಕ್ತಿಯ ಪರೀಕ್ಷೆಗಳ ಕ್ಷೇತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ಪದ್ಧತಿಯ ಲೆಕ್ಕಾಚಾರವನ್ನು ಲೆವಿಟ್ ಎಂಬ ಸಂಶೋಧಕರು 1971ರಲ್ಲಿ ವಿವರವಾಗಿ ಬರೆದರು. ಎರಡು ಸರಿಗೆ ಏರುವ ನಿಯಮವು ಸುಮಾರು 70.7 ಪ್ರತಿಶತ ಯಶಸ್ಸಿನ ಸುತ್ತ ನೆಲೆಗೊಳ್ಳುತ್ತದೆ. ಮೂರು ಸರಿಗೆ ಏರುವ ನಿಯಮ 79.4 ಪ್ರತಿಶತದ ಸುತ್ತ. ಪ್ರತಿ ಸರಿಗೂ ಏರಿಸಿ ಪ್ರತಿ ತಪ್ಪಿಗೂ ಇಳಿಸಿದರೆ ಮಗು ಅರ್ಧದಷ್ಟು ಬಾರಿ ಸೋಲುತ್ತಲೇ ಇರುತ್ತದೆ; ಆರು ವರ್ಷದ ಮಗು ಅದನ್ನು ಬಹಳ ಹೊತ್ತು ಸಹಿಸುವುದಿಲ್ಲ.

ಇದನ್ನು ಬರೆಯಲು ಹತ್ತಿಪ್ಪತ್ತು ಸಾಲು ಕೋಡ್ ಸಾಕು. ಹಿಂದಿನ ದತ್ತಾಂಶ ಬೇಕಿಲ್ಲ, ಅಂತರಜಾಲ ಬೇಕಿಲ್ಲ, ಆಟ ಯಾಕೆ ಹೀಗೆ ಮಾಡಿತೆಂದು ಶಿಕ್ಷಕರಿಗೆ ಒಂದೇ ವಾಕ್ಯದಲ್ಲಿ ಹೇಳಬಹುದು. ಒಂದೇ ಕೌಶಲವನ್ನು ರೂಢಿಮಾಡಿಸುವ ಆಟಗಳಿಗೆ, ಮಗ್ಗಿಯ ವೇಗಕ್ಕೆ ಅಥವಾ ಅಕ್ಷರ ಗುರುತಿಸುವ ಅಭ್ಯಾಸಕ್ಕೆ, ಇದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ.

ಆದರೆ ಮೆಟ್ಟಿಲುಗಳೆಲ್ಲ ಒಂದೇ ಜಾತಿಯವು ಎಂಬ ಊಹೆಯ ಮೇಲೆ ಈ ನಿಯಮ ನಿಂತಿದೆ. ಮೊದಲು ಹೇಳಿದ ಮಗುವನ್ನೇ ಗಮನಿಸಿ. ಯಾವ ಸ್ಥಾನದಲ್ಲಾದರೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವುದೇ ವ್ಯವಕಲನವೆಂದು ಅದು ತಿಳಿದಿದೆ. ದಶಕರಹಿತ ಲೆಕ್ಕಗಳೆಲ್ಲ ಅದಕ್ಕೆ ಸರಿಬರುತ್ತವೆ, ದಶಕಸಹಿತ ಲೆಕ್ಕಗಳೆಲ್ಲ ತಪ್ಪುತ್ತವೆ. ಎರಡು ಸರಿ, ಏರಿಕೆ, ಒಂದು ತಪ್ಪು, ಇಳಿಕೆ, ಮತ್ತೆ ಎರಡು ಸರಿ. ಇದು ವಾರಗಟ್ಟಲೆ ನಡೆಯಬಹುದು. ಮೂರರಲ್ಲಿ ಎರಡು ಉತ್ತರ ಸರಿಯಾಗುತ್ತಿರುವುದರಿಂದ ಆಟದ ವರದಿಯಲ್ಲಿ ಎಲ್ಲವೂ ನೆಟ್ಟಗಿರುವಂತೆ ಕಾಣುತ್ತದೆ. ಮಗು ಮಾತ್ರ ಏನನ್ನೂ ಕಲಿತಿರುವುದಿಲ್ಲ.

ಎಲೋ ರೇಟಿಂಗ್

ಚದುರಂಗದ ಆಟಗಾರರ ಬಲವನ್ನು ಅಳೆಯಲು ಅರ್ಪಾದ್ ಎಲೋ ರೂಪಿಸಿದ ಪದ್ಧತಿಯನ್ನೇ ಇಲ್ಲಿ ಮಗು ಮತ್ತು ಲೆಕ್ಕದ ನಡುವಿನ ಪಂದ್ಯಕ್ಕೆ ಬಳಸುತ್ತಾರೆ. ಮಗುವಿಗೊಂದು ಅಂಕ, ಪ್ರತಿ ಪ್ರಶ್ನೆಗೊಂದು ಅಂಕ. ಮಗುವಿನ ಅಂಕ 1000, ಪ್ರಶ್ನೆಯದು 800 ಇದ್ದರೆ ಮಗು ಗೆಲ್ಲುವ ನಿರೀಕ್ಷೆ ಸುಮಾರು 76 ಪ್ರತಿಶತ. ಗೆದ್ದರೆ ಅದು ನಿರೀಕ್ಷಿತವೇ ಆದ್ದರಿಂದ, ಬದಲಾವಣೆಯ ಗುಣಕವನ್ನು 32 ಎಂದಿಟ್ಟುಕೊಂಡರೆ, 8ರಷ್ಟು ಅಂಕ ಮಾತ್ರ ಏರುತ್ತದೆ. ಸೋತರೆ 24ರಷ್ಟು ಇಳಿಯುತ್ತದೆ, ಮತ್ತು ಪ್ರಶ್ನೆಯ ಅಂಕ ಅಷ್ಟೇ ಏರುತ್ತದೆ. ಹೀಗೆ ನೂರಾರು ಮಕ್ಕಳು ಆಡುತ್ತ ಹೋದಂತೆ ಯಾವ ಪ್ರಶ್ನೆ ನಿಜಕ್ಕೂ ಎಷ್ಟು ಕಷ್ಟ ಎಂಬುದು ತಾನಾಗಿ ಬಯಲಾಗುತ್ತದೆ. ಪ್ರಶ್ನೆಗಳ ಕಠಿಣತೆಯನ್ನು ಮುಂಚಿತವಾಗಿ ದೊಡ್ಡ ಪರೀಕ್ಷೆಯೊಂದನ್ನು ನಡೆಸಿ ಅಳೆಯಬೇಕಾದ ಹೊರೆ ಇಲ್ಲಿಲ್ಲ. ಈ ವಿಧಾನದ ನಿಜವಾದ ಬಲ ಇದೇ.

ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ‘ಮ್ಯಾತ್ ಗಾರ್ಡನ್’ ಈ ವಿಧಾನದ ಪ್ರಸಿದ್ಧ ಉದಾಹರಣೆ. ಅದರ ಲೆಕ್ಕಾಚಾರವನ್ನು 2011ರಲ್ಲಿ ಪ್ರಕಟಿಸಲಾಯಿತು. ಅಲ್ಲಿ ಉತ್ತರ ಸರಿಯೇ ಎಂಬುದರ ಜೊತೆಗೆ ವೇಗವೂ ಲೆಕ್ಕಕ್ಕೆ ಬರುತ್ತದೆ: ಬೇಗ ಸರಿಯುತ್ತರ ಕೊಟ್ಟರೆ ಉಳಿದ ಸೆಕೆಂಡುಗಳಷ್ಟು ನಾಣ್ಯ ಸಿಗುತ್ತದೆ, ಅವಸರದಲ್ಲಿ ತಪ್ಪಿದರೆ ಅಷ್ಟೇ ನಾಣ್ಯ ಕಳೆಯುತ್ತದೆ. ಕಣ್ಣುಮುಚ್ಚಿ ಒತ್ತುವ ಅಭ್ಯಾಸವನ್ನು ತಡೆಯಲು ಇದು ಜಾಣ ಉಪಾಯ. ಆದರೂ ಟ್ಯಾಬ್ಲೆಟ್ ಅನ್ನು ಈಗಷ್ಟೇ ಕೈಗೆತ್ತಿಕೊಂಡ ಮಕ್ಕಳಿಗೆ ಈ ನಿಯಮವನ್ನು ಮೊದಲ ದಿನದಿಂದಲೇ ಹಚ್ಚಬಾರದು. ಬೆರಳು ತಡವರಿಸಿದ್ದನ್ನು ಆಟ ಗಣಿತದ ಕೊರತೆಯೆಂದು ಓದಿಕೊಳ್ಳುತ್ತದೆ.

ಎಲೋದಲ್ಲಿ ಎರಡು ಎಚ್ಚರಿಕೆಗಳಿವೆ. ಅಂಕಗಳು ಪರಸ್ಪರ ಸಾಪೇಕ್ಷವಾದ್ದರಿಂದ ಎಲ್ಲ ಮಕ್ಕಳೂ ಒಟ್ಟಿಗೆ ಮುಂದುವರಿದರೆ ಪ್ರಶ್ನೆಗಳ ಅಂಕ ಇಳಿಯುತ್ತದೆಯೇ ಹೊರತು ಮಕ್ಕಳ ಪ್ರಗತಿ ಪೂರ್ತಿಯಾಗಿ ಕಾಣುವುದಿಲ್ಲ. ಆದ್ದರಿಂದ ಕೆಲವು ಪ್ರಶ್ನೆಗಳ ಅಂಕವನ್ನು ಒಂದು ಹಂತದ ಬಳಿಕ ಬದಲಾಗದಂತೆ ಕಟ್ಟಿಹಾಕಬೇಕು. ಎರಡನೆಯದಾಗಿ, ಒಂದೇ ಅಂಕದೊಳಗೆ ಕೂಡುವುದು, ಕಳೆಯುವುದು, ಭಾಗಾಕಾರ ಎಲ್ಲವನ್ನೂ ತುಂಬಿಸಿದರೆ ಆ ಅಂಕ ಏನನ್ನೂ ಹೇಳುವುದಿಲ್ಲ. ಪ್ರತಿ ಬಗೆಯ ಕೌಶಲಕ್ಕೂ ಬೇರೆ ಅಂಕವಿರಬೇಕು.

ಕೌಶಲದ ಸಂಭವವನ್ನು ಅಂದಾಜಿಸುವುದು

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಲ್ಬರ್ಟ್ ಕಾರ್ಬೆಟ್ ಮತ್ತು ಜಾನ್ ಆಂಡರ್ಸನ್ 1990ರ ದಶಕದಲ್ಲಿ ಪ್ರಕಟಿಸಿದ ಬೇಸಿಯನ್ ನಾಲೆಡ್ಜ್ ಟ್ರೇಸಿಂಗ್, ಅಂದರೆ ಬಿಕೆಟಿ, ಬೇರೊಂದು ಪ್ರಶ್ನೆಯನ್ನು ಕೇಳುತ್ತದೆ: ಈ ಕೌಶಲ ಈ ಮಗುವಿಗೆ ಬರುತ್ತದೆಯೋ ಇಲ್ಲವೋ? ಪ್ರತಿ ಕೌಶಲಕ್ಕೂ ನಾಲ್ಕು ಸಂಖ್ಯೆಗಳು ಬೇಕು. ಆರಂಭದಲ್ಲೇ ಗೊತ್ತಿರುವ ಸಂಭವ, ಒಂದು ಪ್ರಶ್ನೆಯನ್ನು ಎದುರಿಸಿದಾಗ ಕಲಿತುಬಿಡುವ ಸಂಭವ, ಗೊತ್ತಿಲ್ಲದೆಯೂ ಊಹೆಯಿಂದ ಸರಿಯಾಗುವ ಸಂಭವ, ಗೊತ್ತಿದ್ದೂ ಕೈತಪ್ಪುವ ಸಂಭವ.

ಇದರಲ್ಲಿ ಆಟ ರೂಪಿಸುವವರಿಗೆ ದೊಡ್ಡದೊಂದು ಪಾಠವಿದೆ. ಅದನ್ನು ಒಂದು ಲೆಕ್ಕದಿಂದ ತೋರಿಸಬಹುದು. ಆರಂಭದ ಸಂಭವ 0.30, ಕೈತಪ್ಪುವುದು 0.10, ಕಲಿತುಬಿಡುವುದು 0.10 ಎಂದಿಟ್ಟುಕೊಳ್ಳಿ. ನಾಲ್ಕು ಆಯ್ಕೆಗಳ ಪ್ರಶ್ನೆಯಲ್ಲಿ ಊಹೆ ಸರಿಯಾಗುವ ಸಂಭವ 0.25. ಒಂದು ಸರಿಯುತ್ತರದ ನಂತರ ಅಂದಾಜು 0.30ರಿಂದ 0.65ರ ಸುತ್ತ ಬರುತ್ತದೆ, ಎರಡನೆಯದರ ನಂತರ 0.88, ಮೂರನೆಯದರ ನಂತರ ಮಾತ್ರ, ಕೌಶಲ ಬಂದಿದೆಯೆಂದು ಸಾಮಾನ್ಯವಾಗಿ ಒಪ್ಪಿಕೊಳ್ಳುವ 0.95ರ ಗಡಿಯನ್ನು ದಾಟುತ್ತದೆ. ಅದೇ ಪ್ರಶ್ನೆಗೆ ಮಗು ತಾನೇ ಅಂಕಿಗಳನ್ನು ಒತ್ತಿ ಉತ್ತರಿಸುವಂತಿದ್ದು, ಊಹೆಯ ಸಂಭವ 0.05 ಆಗಿದ್ದರೆ, ಒಂದೇ ಉತ್ತರಕ್ಕೆ ಅಂದಾಜು 0.90 ತಲುಪುತ್ತದೆ, ಎರಡಕ್ಕೆ 0.99. ಉತ್ತರಿಸುವ ರೀತಿಯನ್ನು ಬದಲಿಸಿದ್ದರಿಂದ ಸಿಕ್ಕ ಈ ಲಾಭ ಅಲ್ಗಾರಿದಮ್ಮನ್ನು ಬದಲಿಸುವುದರಿಂದ ಸಿಗಬಹುದಾದ ಲಾಭಕ್ಕಿಂತ ದೊಡ್ಡದು. ಬಣ್ಣದ ಬಲೂನುಗಳಲ್ಲಿ ಸರಿಯಾದುದನ್ನು ಒಡೆಯುವ ಆಟ ನೋಡಲು ಚೆಂದವಾಗಿರಬಹುದು, ಆದರೆ ಮಗುವಿನ ಬಗ್ಗೆ ಅದು ಬಹಳ ಕಡಿಮೆ ಹೇಳುತ್ತದೆ.

ಮೂಲ ಬಿಕೆಟಿಯಲ್ಲಿ ಮರೆವಿಗೆ ಸ್ಥಾನವಿಲ್ಲ. ಏಪ್ರಿಲ್‌ನಲ್ಲಿ 0.97 ಎಂದು ಬರೆದಿಟ್ಟದ್ದನ್ನು ಬೇಸಿಗೆ ರಜೆ ಮುಗಿದ ಮೇಲೂ ಅದು 0.97 ಎಂದೇ ನಂಬುತ್ತದೆ. ಇದನ್ನು ಬಳಸುವವರು ದಿನ ಕಳೆದಂತೆ ಅಂದಾಜನ್ನು ತಾವೇ ಇಳಿಸುವ ನಿಯಮವೊಂದನ್ನು ಸೇರಿಸಿಕೊಳ್ಳಬೇಕು. ಜೊತೆಗೆ, ಕೌಶಲಗಳ ಪಟ್ಟಿ ಒರಟಾಗಿದ್ದರೆ ಫಲಿತಾಂಶವೂ ಒರಟೇ. ‘ವ್ಯವಕಲನ’ ಎಂಬ ಒಂದೇ ಕೌಶಲವಿಟ್ಟುಕೊಂಡರೆ ದಶಕಸಹಿತ ಲೆಕ್ಕಗಳಲ್ಲಿ ಆದ ಸೋಲುಗಳನ್ನೆಲ್ಲ ಬಿಕೆಟಿ ಕೈತಪ್ಪೆಂದು ಕ್ಷಮಿಸಿಬಿಡುವ ಅಪಾಯವಿದೆ. ನಾಲ್ಕು ಸಂಖ್ಯೆಗಳನ್ನು ನಿಜವಾದ ಉತ್ತರಗಳಿಂದ ಅಂದಾಜಿಸಲು ಸಾಕಷ್ಟು ಮಕ್ಕಳ ದತ್ತಾಂಶ ಬೇಕಾದರೂ, ಶಿಕ್ಷಕರ ಅನುಭವದಿಂದ ಇಟ್ಟ ಸಂಖ್ಯೆಗಳಿಂದ ಆರಂಭಿಸುವುದರಲ್ಲಿ ತಪ್ಪಿಲ್ಲ.

ಕಲಿಕೆಯ ನಕ್ಷೆ

ಯಾವುದು ಬಂದರೆ ಯಾವುದನ್ನು ಕಲಿಯಬಹುದು ಎಂಬ ಸಂಬಂಧಗಳನ್ನು ಮೊದಲೇ ಬರೆದಿಟ್ಟುಕೊಂಡು, ಆ ನಕ್ಷೆಯಲ್ಲಿ ಮಗು ಎಲ್ಲಿದೆ ಎಂದು ಹುಡುಕುವುದು ನಾಲ್ಕನೆಯ ವಿಧಾನ. ಡುವಾನ್ಯೋಂ ಮತ್ತು ಫಾಲ್ಮಾನ್ಯ್ 1985ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು. ‘ಅಲೆಕ್ಸ್’ ಎಂಬ ಕಲಿಕಾ ವ್ಯವಸ್ಥೆ ಇದೇ ಸಿದ್ಧಾಂತದ ಮೇಲೆ ನಿಂತಿದೆ, ‘80ಡೇಸ್’ ಆಟವೂ ಇದನ್ನೇ ಆಧರಿಸಿತ್ತು. ಇದರ ಉಪಯೋಗ ಸಂಖ್ಯೆಗಳಲ್ಲಿ ಸ್ಪಷ್ಟವಾಗುತ್ತದೆ. ಹತ್ತು ಕೌಶಲಗಳ ನಡುವೆ ಯಾವ ಸಂಬಂಧವೂ ಇಲ್ಲದಿದ್ದರೆ ಒಂದು ಮಗು 1024 ಸ್ಥಿತಿಗಳಲ್ಲಿ ಯಾವುದರಲ್ಲಾದರೂ ಇರಬಹುದು. ಹತ್ತೂ ಒಂದರ ಹಿಂದೊಂದು ಕಟ್ಟಾದ ಸರಪಳಿಯಾಗಿದ್ದರೆ ಇರುವುದು ಹನ್ನೊಂದೇ ಸ್ಥಿತಿ, ಅದನ್ನು ಮಧ್ಯದಿಂದ ಶುರುಮಾಡಿ ನಾಲ್ಕು ಪ್ರಶ್ನೆಗಳಲ್ಲಿ ಹುಡುಕಬಹುದು. ಊಹೆ ಮತ್ತು ಕೈತಪ್ಪುಗಳಿಗಾಗಿ ಇನ್ನೆರಡು ಮೂರು ಪ್ರಶ್ನೆಗಳನ್ನು ಸೇರಿಸಿಕೊಳ್ಳಬೇಕಾದೀತು. ನಿಜವಾದ ವಿಷಯಗಳು ಇವೆರಡರ ನಡುವೆ ಇರುತ್ತವೆ.

ಕರ್ನಾಟಕದ ಶಿಕ್ಷಕರಿಗೆ ಈ ವಿಚಾರ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರಪ್ರದೇಶದ ರಿಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು ಶುರುವಾದ ನಲಿಕಲಿಯ ಕಲಿಕಾ ಏಣಿ, ಮೈಲಿಗಲ್ಲುಗಳು ಮತ್ತು ಕಾರ್ಡುಗಳು ಇದೇ ತತ್ವವನ್ನು ಕಾಗದದ ಮೇಲೆ ಸಾಧಿಸಿದವು. ಪ್ರತಿ ಮಗು ತಾನಿರುವ ಮೆಟ್ಟಿಲಿನಿಂದ ಮುಂದುವರಿಯುತ್ತದೆ. ಶಾಲೆಗೆ ಬಾರದ ದಿನಗಳ ನಂತರವೂ ಬಿಟ್ಟ ಜಾಗದಿಂದಲೇ ಶುರು. ಶಿಕ್ಷಕರ ಪೂರ್ಣ ಬೆಂಬಲ ಬೇಕಾದವರಿಂದ ಹಿಡಿದು ಸ್ವಕಲಿಕೆಯವರೆಗೆ ಮಕ್ಕಳು ಕೂರುವ ‘ತಟ್ಟೆ’ಗಳೂ, ಅಂದರೆ ಗುಂಪುಗಳೂ, ಬೇರೆ ಬೇರೆ. ಆಟದ ತಂಡಗಳು ವಿದೇಶಿ ಮಾದರಿಗಳನ್ನು ಹುಡುಕುವ ಮೊದಲು ಈ ಏಣಿಯನ್ನು ಎದುರಿಗಿಟ್ಟುಕೊಂಡು ಕೂರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ ರ, ಗ, ಸ, ದ, ಅ ಎಂದು ಆರಂಭಿಸಿದ್ದರಿಂದ ಅರಸ, ಗರಗಸ, ಅಗಸ, ಸರ, ರಸ ಎಂಬ ಪದಗಳು ಮೊದಲ ಮೈಲಿಗಲ್ಲಿನಲ್ಲೇ ಮಗುವಿಗೆ ದಕ್ಕುತ್ತವೆ. ತರಗತಿಯಲ್ಲಿ ಪರೀಕ್ಷೆಗೊಳಪಟ್ಟ ಇಂಥ ಕ್ರಮವನ್ನು ಯಾವ ಅಲ್ಗಾರಿದಮ್ಮೂ ದತ್ತಾಂಶದಿಂದ ಸುಲಭವಾಗಿ ಕಂಡುಹಿಡಿಯಲಾರದು.

ನಕ್ಷೆಯ ದೌರ್ಬಲ್ಯವೆಂದರೆ ಅದನ್ನು ಬರೆದವರ ಊಹೆಗಳು ತಪ್ಪಾಗಿದ್ದರೆ ಆಟಕ್ಕೆ ಅದು ಗೊತ್ತಾಗುವುದಿಲ್ಲ. ಹಿಂದಿನದು ಬಾರದಿದ್ದರೂ ಮುಂದಿನದನ್ನು ಸರಿಯಾಗಿ ಮಾಡುವ ಮಕ್ಕಳು ಹೆಚ್ಚಾಗಿ ಕಂಡುಬಂದರೆ ಆ ಕೊಂಡಿಯನ್ನು ಕಿತ್ತುಹಾಕಬೇಕು.

ಇನ್ನೆರಡು ದಾರಿಗಳು

ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ‘ಕಿಡ್‌ಲರ್ನ್’ ಯೋಜನೆ, ಹಣದ ಲೆಕ್ಕವನ್ನು ಕಲಿಸುವ ಆಟದಲ್ಲಿ, ಮಗುವಿನ ಯಶಸ್ಸು ಎಲ್ಲಿ ವೇಗವಾಗಿ ಏರುತ್ತಿದೆಯೋ ಆ ಚಟುವಟಿಕೆಯನ್ನೇ ಹೆಚ್ಚು ಕೊಡುವ ವಿಧಾನವನ್ನು ಪ್ರಯೋಗಿಸಿತು. ಶಿಕ್ಷಣ ತಜ್ಞರು ಬರೆದ ಒಂದು ನಕ್ಷೆ ಅಲ್ಲಿಯೂ ಬೇಲಿಯಾಗಿ ಇರುತ್ತದೆ. ಬೇಲಿಯೊಳಗಿನ ಆಯ್ಕೆಯನ್ನು ದತ್ತಾಂಶ ಮಾಡುತ್ತದೆ. ಒಂದೇ ಕೌಶಲಕ್ಕೆ ಐದಾರು ಬಗೆಯ ಚಟುವಟಿಕೆಗಳನ್ನು ಸಿದ್ಧಪಡಿಸಿರುವ ತಂಡಕ್ಕೆ ಇದು ಒಳ್ಳೆಯ ದಾರಿ. ಒಂದೇ ಬಗೆಯ ಚಟುವಟಿಕೆ ಇದ್ದರೆ ಆರಿಸಲು ಏನೂ ಇರುವುದಿಲ್ಲ.

ಆಳವಾದ ನರಜಾಲಗಳನ್ನು, ಅಂದರೆ ಅಪಾರ ದತ್ತಾಂಶದಿಂದ ತಾವೇ ಕಲಿಯುವ ಕಂಪ್ಯೂಟರ್ ಮಾದರಿಗಳನ್ನು, ಬಳಸಿ ಮಗುವಿನ ಮುಂದಿನ ಉತ್ತರವನ್ನು ಊಹಿಸುವ ವಿಧಾನವನ್ನು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2015ರಲ್ಲಿ ಮುಂದಿಟ್ಟಾಗ ಬಹಳ ಉತ್ಸಾಹ ಮೂಡಿತ್ತು. ಮರುವರ್ಷವೇ ಬೇರೆ ಸಂಶೋಧಕರು, ಬಿಕೆಟಿಗೆ ಮರೆವು ಮತ್ತು ಮಕ್ಕಳ ಸಾಮರ್ಥ್ಯದ ವ್ಯತ್ಯಾಸದಂಥ ಅಂಶಗಳನ್ನು ಸೇರಿಸಿದರೆ ಅದೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಊಹಿಸುತ್ತದೆ ಎಂದು ತೋರಿಸಿದರು. ಲಕ್ಷಾಂತರ ಉತ್ತರಗಳ ಸಂಗ್ರಹವಿಲ್ಲದ ತಂಡ ಇದರ ಕಡೆ ನೋಡಬೇಕಾಗಿಲ್ಲ. ಯಾವ ಕಾರಣಕ್ಕೆ ಈ ಪಾಠ ಬಂತೆಂದು ಶಿಕ್ಷಕರು ಕೇಳಿದರೆ ಈ ವಿಧಾನದ ಬಳಿ ಉತ್ತರವೂ ಇಲ್ಲ.

ತಪ್ಪು ಉತ್ತರವನ್ನು ಓದುವುದು

ಮೇಲಿನ ವಿಧಾನಗಳು ಬಹುಪಾಲು ಉತ್ತರವನ್ನು ಸರಿ ಅಥವಾ ತಪ್ಪು ಎಂಬ ಎರಡು ಮೌಲ್ಯಗಳಿಗೆ ಇಳಿಸುತ್ತವೆ. ಅಲ್ಲಿಯೇ ಅತ್ಯಂತ ಬೆಲೆಬಾಳುವ ಮಾಹಿತಿ ಕಳೆದುಹೋಗುತ್ತದೆ. ಮಕ್ಕಳ ವ್ಯವಕಲನದ ತಪ್ಪುಗಳು ಬೇಕಾಬಿಟ್ಟಿಯಾಗಿ ಬರುವುದಿಲ್ಲ, ತಪ್ಪಾದ ಆದರೆ ಕ್ರಮಬದ್ಧವಾದ ವಿಧಾನಗಳಿಂದ ಬರುತ್ತವೆ ಎಂಬುದನ್ನು ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿಯೇ ತೋರಿಸಿದ್ದರು.

62ರಲ್ಲಿ 38 ಕಳೆದಾಗ 36 ಎಂದು ಬರೆಯುವ ಮಗು ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಿದೆ. 34 ಎಂದು ಬರೆಯುವ ಮಗು ಹತ್ತನ್ನು ಬಿಡಿಸ್ಥಾನಕ್ಕೆ ತೆಗೆದುಕೊಂಡಿದೆ, ಆದರೆ ಹತ್ತರ ಸ್ಥಾನದಲ್ಲಿ ಒಂದನ್ನು ಕಡಿಮೆ ಮಾಡಲು ಮರೆತಿದೆ. ಮೊದಲನೆಯ ಮಗುವಿಗೆ ಸ್ಥಾನಬೆಲೆಯನ್ನು ಕಡ್ಡಿಗಳ ಕಟ್ಟಿನೊಂದಿಗೆ ಮತ್ತೆ ಕಟ್ಟಿಕೊಡಬೇಕು. ಎರಡನೆಯದಕ್ಕೆ ತತ್ವ ಗೊತ್ತಿದೆ, ಹಂತಗಳನ್ನು ಬರೆದುಕೊಳ್ಳುವ ಅಭ್ಯಾಸ ಬೇಕು. ಎರಡಕ್ಕೂ ಒಂದೇ ಸುಲಭ ಲೆಕ್ಕವನ್ನು ಕೊಡುವುದು ಇಬ್ಬರಿಗೂ ಅನ್ಯಾಯ.

ಪ್ರಶ್ನೆಯ ಆಯ್ಕೆಯೂ ಇಲ್ಲಿ ಮುಖ್ಯವಾಗುತ್ತದೆ. 52ರಲ್ಲಿ 27 ಕಳೆಯುವ ಲೆಕ್ಕವನ್ನು ತೆಗೆದುಕೊಳ್ಳಿ. ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಮಗುವಿಗೂ 35 ಬರುತ್ತದೆ, ಹತ್ತನ್ನು ಕಡಿಮೆ ಮಾಡಲು ಮರೆತ ಮಗುವಿಗೂ 35 ಬರುತ್ತದೆ. ಬಿಡಿಸ್ಥಾನದ ಅಂಕಿಗಳ ವ್ಯತ್ಯಾಸ 5 ಆಗಿದ್ದಾಗಲೆಲ್ಲ ಹೀಗಾಗುತ್ತದೆ: 81ರಲ್ಲಿ 36, 63ರಲ್ಲಿ 28, ಎಲ್ಲವೂ ಹಾಗೆಯೇ. ಲೆಕ್ಕಗಳನ್ನು ಕಂಪ್ಯೂಟರಿನಿಂದ ಯಾದೃಚ್ಛಿಕವಾಗಿ ಹುಟ್ಟಿಸುವ ಆಟದಲ್ಲಿ ಈ ಬಗೆಯ ಕುರುಡು ಲೆಕ್ಕಗಳು ಸೇರಿಕೊಳ್ಳುತ್ತವೆ. ಅವನ್ನು ರೂಢಿಗೆ ಬಳಸಬಹುದು, ರೋಗ ಗುರುತಿಸಲು ಬಳಸಬಾರದು. 62ರಲ್ಲಿ 38 ಕಳೆಯುವ ಲೆಕ್ಕವನ್ನು ಆಯ್ಕೆಗಳೊಂದಿಗೆ ಕೊಡುವುದಾದರೆ ತಪ್ಪು ಆಯ್ಕೆಗಳಲ್ಲಿ 36 ಮತ್ತು 34 ಎರಡೂ ಇರಲೇಬೇಕು. ಇಲ್ಲದಿದ್ದರೆ ಮಗು ತನ್ನ ಉತ್ತರ ಕಾಣದೆ ಯಾವುದನ್ನಾದರೂ ಒತ್ತುತ್ತದೆ.

ಕನ್ನಡ ಓದಿನ ಆಟಕ್ಕೆ ಬೇಕಾದ ಬದಲಾವಣೆ

34 ವ್ಯಂಜನಗಳ ಗುಣಿತಾಕ್ಷರಗಳನ್ನು ಎಣಿಸಿದರೇ ನಾನೂರು ದಾಟುತ್ತವೆ, ಒತ್ತಕ್ಷರಗಳು ಬೇರೆ. ಕನ್ನಡ ಮಕ್ಕಳ ಅಕ್ಷರಜ್ಞಾನ ಹಲವು ವರ್ಷಗಳ ಕಾಲ ನಿಧಾನವಾಗಿ ಬೆಳೆಯುತ್ತದೆ ಎಂಬುದನ್ನು ಸೊನಾಲಿ ನಾಗ್ ಅವರ 2007ರ ಅಧ್ಯಯನ ದಾಖಲಿಸಿದೆ. ಪ್ರತಿಯೊಂದು ಅಕ್ಷರವನ್ನೂ ಬೇರೆ ಕೌಶಲವೆಂದು ಹಿಡಿದರೆ ಯಾವುದಕ್ಕೂ ಸಾಕಷ್ಟು ಉತ್ತರಗಳು ಸಿಗುವುದಿಲ್ಲ. ವ್ಯಂಜನದ ಗುರುತಿಸುವಿಕೆ ಒಂದು, ಸ್ವರಚಿಹ್ನೆಯ ಗುರುತಿಸುವಿಕೆ ಇನ್ನೊಂದು ಎಂದು ಬೇರ್ಪಡಿಸಿದರೆ ‘ಕೀ’ ಓದಿದ ಮಗುವಿನ ಒಂದೇ ಉತ್ತರ ‘ಕ’ಕಾರದ ಬಗ್ಗೆಯೂ ದೀರ್ಘದ ಬಗ್ಗೆಯೂ ಮಾಹಿತಿ ಕೊಡುತ್ತದೆ. ಚಿಹ್ನೆ ಸೇರುವ ರೀತಿ ಬೇರೆಯಾಗಿರುವ ಪು, ವು, ಮೊ, ಯೊ ಮುಂತಾದವನ್ನು ಮಾತ್ರ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು.

ಮಗುವಿನ ಧ್ವನಿಯನ್ನು ಆಲಿಸಿ ಅಂಕ ಕೊಡುವ ಆಟಗಳ ಬಗ್ಗೆ ನನಗೆ ಕಳವಳವಿದೆ. ‘ಹಾಲು’ ಎಂಬುದನ್ನು ಸರಿಯಾಗಿ ಓದಿ, ತನ್ನ ಮನೆಯ ಮಾತಿನಂತೆ ‘ಆಲು’ ಎಂದು ಉಚ್ಚರಿಸಿದ ಮಗುವನ್ನು ಅಂಥ ಆಟವು ಓದಲು ಬಾರದ ಮಗುವೆಂದು ದಾಖಲಿಸಬಹುದು. ಆ ದಾಖಲೆಯ ಆಧಾರದ ಮೇಲೆ ಅದನ್ನು ಹಿಂದಿನ ಮೆಟ್ಟಿಲಿಗೆ ಇಳಿಸಿದರೆ ಆಟವು ಮಗುವಿಗೆ ಹೊಂದಿಕೊಂಡಂತಲ್ಲ, ಅದರ ಮನೆಮಾತನ್ನೇ ತಪ್ಪೆಂದು ಹೇಳಿದಂತೆ. ಧ್ವನಿಯನ್ನು ಕೇಳಿಸಿ ಅಕ್ಷರವನ್ನು ಆರಿಸಲು ಹೇಳುವ ವಿಧಾನ ಸದ್ಯಕ್ಕೆ ಹೆಚ್ಚು ಸುರಕ್ಷಿತ.

ಶಾಲೆಯ ವಾಸ್ತವ

ಒಂದು ಟ್ಯಾಬ್ಲೆಟ್ಟನ್ನು ನಾಲ್ಕಾರು ಮಕ್ಕಳು ಹಂಚಿಕೊಳ್ಳುವ ತರಗತಿಯಲ್ಲಿ ಯಾರ ಸರದಿಯಲ್ಲಿ ಯಾರು ಒತ್ತಿದರೆಂಬುದು ತಪ್ಪಿದರೆ ಎಲ್ಲ ಲೆಕ್ಕಾಚಾರವೂ ಹಾಳಾಗುತ್ತದೆ. ಪಾಸ್‌ವರ್ಡಿನ ಬದಲು ಮಗು ತಾನೇ ಆರಿಸಿಕೊಂಡ ಚಿತ್ರದಿಂದ ಒಳಹೋಗುವ ವ್ಯವಸ್ಥೆ ಇರಲಿ, ಇಬ್ಬರು ಕೂಡಿ ಆಡುವ ಸುತ್ತುಗಳಿಗೆ ಅಂಕ ತಿದ್ದದಿರಲಿ. ಲೆಕ್ಕಾಚಾರವೆಲ್ಲ ಆ ಸಾಧನದೊಳಗೇ ನಡೆಯಬೇಕು; ಮೆಟ್ಟಿಲು, ಎಲೋ, ಬಿಕೆಟಿ ಮೂರಕ್ಕೂ ಮಗುವೊಂದಕ್ಕೆ ಕೆಲವೇ ಸಂಖ್ಯೆಗಳ ಜಾಗ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರ ದತ್ತಾಂಶಕ್ಕೆ ಪೋಷಕರ ಪರಿಶೀಲಿಸಬಹುದಾದ ಸಮ್ಮತಿಯನ್ನು ಕೇಳುತ್ತದೆ ಮತ್ತು ಮಕ್ಕಳ ನಡವಳಿಕೆಯ ಮೇಲೆ ನಿಗಾ ಇಡುವುದನ್ನು ನಿರ್ಬಂಧಿಸುತ್ತದೆ. ಶಿಕ್ಷಣ ಸಂಸ್ಥೆಗಳಿಗಿರುವ ವಿನಾಯಿತಿಗಳ ಷರತ್ತುಗಳನ್ನು ಓದಿಕೊಳ್ಳದೆ ಉತ್ತರಗಳನ್ನು ಬೇರೆಡೆಯ ಸರ್ವರ್ ಕಂಪ್ಯೂಟರಿಗೆ ಕಳುಹಿಸುವ ಆಟವನ್ನು ಕಟ್ಟಬಾರದು.

ಶಿಕ್ಷಕರಿಗೆ ಮಗುವಿನ ಸ್ಥಾನವನ್ನು ಕೈಯಿಂದ ಬದಲಾಯಿಸುವ ಅಧಿಕಾರವಿರಬೇಕು. ಮೂರು ದಿನ ಜ್ವರದಲ್ಲಿ ಮಲಗಿ ಬಂದ ಮಗುವಿನ ತಪ್ಪುಗಳ ಅರ್ಥ ಶಿಕ್ಷಕರಿಗೆ ಗೊತ್ತು, ಆಟಕ್ಕೆ ಗೊತ್ತಿಲ್ಲ.

ನನ್ನ ಆಯ್ಕೆ

ಇನ್ನೂ ಯಾವ ದತ್ತಾಂಶವೂ ಇಲ್ಲದ, ನೂರಿನ್ನೂರು ಮಕ್ಕಳೊಂದಿಗೆ ಆರಂಭಿಸುವ ತಂಡ ಮೊದಲು ಶಿಕ್ಷಕರೊಂದಿಗೆ ಕೂತು ಕಲಿಕೆಯ ನಕ್ಷೆಯನ್ನು ಬರೆಯಲಿ, ಪ್ರತಿ ಕೌಶಲಕ್ಕೂ ಸಾಮಾನ್ಯವಾದ ಎರಡು ಮೂರು ತಪ್ಪು ವಿಧಾನಗಳನ್ನು ಗುರುತಿಸಲಿ, ಕೌಶಲದೊಳಗಿನ ಅಭ್ಯಾಸಕ್ಕೆ ಮೆಟ್ಟಿಲು ನಿಯಮವನ್ನು ಇಟ್ಟುಕೊಳ್ಳಲಿ. ಒಂದೇ ಬಗೆಯ ತಪ್ಪು ಎರಡು ಬಾರಿ ಬಂದರೆ ಮೆಟ್ಟಿಲಿಳಿಸುವ ಬದಲು ಆ ತಪ್ಪಿಗೆಂದೇ ಮಾಡಿದ ಚಟುವಟಿಕೆಗೆ ಕಳುಹಿಸಲಿ. ಮಕ್ಕಳ ಸಂಖ್ಯೆ ಸಾವಿರಗಳಿಗೆ ಏರಿ, ಪ್ರಶ್ನೆಗಳ ಸಂಗ್ರಹ ದೊಡ್ಡದಾದಾಗ ಮೆಟ್ಟಿಲಿನ ಜಾಗಕ್ಕೆ ಎಲೋ ಬರಲಿ. ನಕ್ಷೆ ಹಾಗೆಯೇ ಉಳಿಯುತ್ತದೆ. ಮುಂದಿನ ಪಾಠಕ್ಕೆ ಹೋಗಲು ಮಗು ಸಿದ್ಧವೇ ಎಂಬ ನಿರ್ಧಾರವೇ ಆಟದ ಮುಖ್ಯ ಕೆಲಸವಾಗಿದ್ದರೆ, ಉದಾಹರಣೆಗೆ ಶಿಕ್ಷಕರು ಆ ವರದಿಯನ್ನು ನೋಡಿ ತಟ್ಟೆಗಳನ್ನು ಹೊಂದಿಸುವುದಾದರೆ, ಎಲೋಗಿಂತ ಬಿಕೆಟಿಯೇ ಸರಿ. ಬರಿಯ ರೂಢಿಯ ಆಟಕ್ಕೆ ಇವೆರಡೂ ಅನಗತ್ಯ.

ಯಶಸ್ಸಿನ ಗುರಿಯನ್ನು 75 ಪ್ರತಿಶತಕ್ಕಿಡಬೇಕೇ 85ಕ್ಕೇ ಎಂಬ ವಾದದಲ್ಲಿ ಹೆಚ್ಚು ಸಮಯ ಕಳೆಯಬೇಡಿ. 2019ರಲ್ಲಿ ಪ್ರಕಟವಾದ 85 ಪ್ರತಿಶತದ ನಿಯಮವನ್ನು ಹಲವರು ಉಲ್ಲೇಖಿಸುತ್ತಾರೆ. ಅದು ಒಂದು ನಿರ್ದಿಷ್ಟ ಬಗೆಯ ಕಲಿಕಾ ಅಲ್ಗಾರಿದಮ್‌ಗಳಿಗಾಗಿ ಗಣಿತದಿಂದ ಪಡೆದ ಫಲಿತಾಂಶ, ಮೂರನೆಯ ತರಗತಿಯ ಮಕ್ಕಳನ್ನು ನೋಡಿ ಬರೆದದ್ದಲ್ಲ. ಹೆದರುವ ಮಗುವಿಗೆ ಹೆಚ್ಚು ಗೆಲುವು, ಸವಾಲು ಬೇಡುವ ಮಗುವಿಗೆ ಕಡಿಮೆ ಗೆಲುವು ಎಂಬಷ್ಟು ಸಡಿಲಿಕೆ ಇರಲಿ. ‘ಮ್ಯಾತ್ ಗಾರ್ಡನ್’ನಲ್ಲಿ ಈ ಆಯ್ಕೆಯನ್ನು ಮಕ್ಕಳಿಗೇ ಬಿಟ್ಟದ್ದು ನನಗೆ ಮೆಚ್ಚುಗೆಯಾದ ನಿರ್ಧಾರ.

ಫಲವನ್ನು ಅಳೆಯುವುದು

ದಿಲ್ಲಿಯಲ್ಲಿ ‘ಮೈಂಡ್‌ಸ್ಪಾರ್ಕ್’ ಎಂಬ ಹೊಂದಿಕೊಳ್ಳುವ ತಂತ್ರಾಂಶವನ್ನು ಶಾಲೆಯ ನಂತರದ ಕೇಂದ್ರಗಳಲ್ಲಿ ಬಳಸಿದ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರ ಆ ಅಧ್ಯಯನದಲ್ಲಿ ನಾಲ್ಕೂವರೆ ತಿಂಗಳ ಬಳಿಕ ಅವಕಾಶ ಪಡೆದ ಮಕ್ಕಳು ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಪ್ರಮಾಣಿತ ವಿಚಲನೆಯಷ್ಟು (ಇದು ಅಂಕಗಳು ಎಷ್ಟು ಹರಡಿಕೊಂಡಿವೆ ಎಂಬುದರ ಅಳತೆ) ಮುಂದಿದ್ದರು. ಇದು ಗಣನೀಯ ಫಲ. ಆದರೆ ಆ ಕೇಂದ್ರಗಳಲ್ಲಿ ಅರ್ಧ ಸಮಯ ಸಣ್ಣ ಗುಂಪಿಗೆ ಶಿಕ್ಷಕರ ಪಾಠವೂ ಇತ್ತು, ಹೀಗಾಗಿ ಇಡೀ ಫಲವನ್ನು ತಂತ್ರಾಂಶದ ಖಾತೆಗೆ ಬರೆಯಲಾಗದು.

ನಿಮ್ಮ ಆಟದ ಹೊಂದಾಣಿಕೆಯ ಭಾಗಕ್ಕೆ ಬೆಲೆಯಿದೆಯೇ ಎಂದು ತಿಳಿಯಲು ಆಟವಿಲ್ಲದ ತರಗತಿಯೊಂದಿಗೆ ಹೋಲಿಸಿದರೆ ಸಾಲದು. ಅದೇ ಆಟ, ಅದೇ ಚಿತ್ರಗಳು, ಅದೇ ಬಹುಮಾನಗಳು, ಆದರೆ ಎಲ್ಲರಿಗೂ ಒಂದೇ ಕ್ರಮದ ಪಾಠಗಳಿರುವ ಇನ್ನೊಂದು ರೂಪವನ್ನು ತಯಾರಿಸಿ, ಚೀಟಿ ಎತ್ತಿ ಅರ್ಧ ಮಕ್ಕಳಿಗೆ ಅದನ್ನು ಕೊಡಬೇಕು. ಆಟದೊಳಗಿನ ಸರಿಯುತ್ತರಗಳ ಪ್ರತಿಶತವನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಹೊಂದಿಕೊಳ್ಳುವ ಆಟ ಆ ಪ್ರತಿಶತವನ್ನು ತಾನೇ ಒಂದೆಡೆ ಹಿಡಿದಿಡುತ್ತದೆ. ಮಗು ಎಷ್ಟೇ ಕಲಿತರೂ ಅದು 75ರ ಸುತ್ತಲೇ ಇರುತ್ತದೆ. ಎರಡೂ ಗುಂಪುಗಳಿಗೆ ಕಾಗದ ಪೆನ್ಸಿಲಿನ ಒಂದೇ ಪರೀಕ್ಷೆಯನ್ನು, ಆಟದಲ್ಲಿ ಎಂದೂ ಕಾಣಿಸಿಕೊಳ್ಳದ ಲೆಕ್ಕಗಳನ್ನು ಬೆರೆಸಿ, ಒಮ್ಮೆ ವರ್ಷದ ಕೊನೆಯಲ್ಲಿ ಮತ್ತು ಇನ್ನೊಮ್ಮೆ ರಜೆ ಮುಗಿದು ಶಾಲೆ ತೆರೆದ ಮೊದಲ ವಾರಗಳಲ್ಲಿ ಕೊಡಬೇಕು. ಎರಡನೆಯ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಯಾವ ಬಗೆಯ ತಪ್ಪುಗಳು ಮರಳಿ ಬಂದಿವೆಯೋ ಅವನ್ನು ನಕ್ಷೆಯ ಪಕ್ಕದಲ್ಲಿಟ್ಟು ನೋಡಿದರೆ ಮುಂದಿನ ಆವೃತ್ತಿಯಲ್ಲಿ ಯಾವ ಚಟುವಟಿಕೆಗಳನ್ನು ಹೊಸದಾಗಿ ಬರೆಯಬೇಕೆಂಬ ಪಟ್ಟಿ ಸಿಗುತ್ತದೆ.